ಮಿಸಿಸಿಪ್ಪಿಯ ಎರಡು ದಡ, ಒಂದು ಲೋಹದ ಕೊಳವೆ

ಸೇಂಟ್ ಲೂಯಿಸ್ ನಗರದ ನೆಲದಡಿಯಿಂದ ಹೊರಬಿದ್ದ ಮೆಟ್ರೊಲಿಂಕ್ ರೈಲು ನೋಡನೋಡುತ್ತಿದ್ದಂತೆ ಮಿಸಿಸಿಪ್ಪಿಯ ಮೇಲಿರುತ್ತದೆ. ಕೆಳಗೆ ಕಂದು ನೀರು, ನೀರಿನ ಮೇಲೆ ಒಂದಕ್ಕೊಂದು ಬಿಗಿದುಕೊಂಡು ಸಾಗುವ ಸರಕು ಬಾರ್ಜುಗಳು, ಹಿಂದೆ ತಿರುಗಿದರೆ 630 ಅಡಿ ಎತ್ತರದ ಗೇಟ್‌ವೇ ಕಮಾನು. ರೈಲು ಹಾಯುವ ಈಡ್ಸ್ ಸೇತುವೆ 1874ರಲ್ಲಿ ತೆರೆದದ್ದು. ದೊಡ್ಡ ಸೇತುವೆಗಳಿಗೆ ಉಕ್ಕನ್ನು ನಂಬಲು ಜನ ಇನ್ನೂ ಅಂಜುತ್ತಿದ್ದ ಕಾಲದಲ್ಲಿ ಜೇಮ್ಸ್ ಈಡ್ಸ್ ಧೈರ್ಯ ಮಾಡಿ ಕಟ್ಟಿದ ಕಮಾನುಗಳವು. ಇಷ್ಟೆಲ್ಲ ನೋಡಲಿಕ್ಕಿದ್ದರೂ ನಾನು ಕಿಟಕಿಗೆ ಮುಖವಿಟ್ಟು ಹುಡುಕುತ್ತಿದ್ದದ್ದು ಕಣ್ಣಿಗೆ ಕಾಣದ ಒಂದು ಗೆರೆಯನ್ನು. ಹೊಳೆಯ ನಡುವೆ ಎಲ್ಲೋ ಮಿಸೌರಿ ರಾಜ್ಯ ಮುಗಿದು ಇಲಿನಾಯ್ ಶುರುವಾಗುತ್ತದೆ. ಬಂದೂಕಿನ ಬಾಯಿಗೆ ತಿರುಪಿ ಕೂರಿಸುವ ಗೇಣುದ್ದದ ಲೋಹದ ಕೊಳವೆಯೊಂದನ್ನು, ನಮ್ಮ ಸಿನಿಮಾಗಳು ಸೈಲೆನ್ಸರ್ ಎಂದು ಪರಿಚಯಿಸಿದ ಅದೇ ಸಪ್ರೆಸರನ್ನು, ಪಶ್ಚಿಮ ದಡದಲ್ಲಿ ಫಾರಂ ತುಂಬಿ ಅಂಗಡಿಯಲ್ಲಿ ಕೊಳ್ಳಬಹುದು. ಅದನ್ನೇ ಚೀಲದಲ್ಲಿಟ್ಟುಕೊಂಡು ಈ ರೈಲಿನಲ್ಲಿ ಪೂರ್ವ ದಡಕ್ಕೆ ಇಳಿದರೆ 2ರಿಂದ 5 ವರ್ಷ ಜೈಲು.

ಅಮೆರಿಕದ 42 ರಾಜ್ಯಗಳು ಸಪ್ರೆಸರ್ ಇಟ್ಟುಕೊಳ್ಳಲು ಬಿಡುತ್ತವೆ. ಕ್ಯಾಲಿಫೋರ್ನಿಯಾ, ಡೆಲವೇರ್, ಹವಾಯಿ, ಇಲಿನಾಯ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ನ್ಯೂಯಾರ್ಕ್, ರೋಡ್ ಐಲೆಂಡ್ ಬಿಡುವುದಿಲ್ಲ. ಈ ನಿಷೇಧ ಆಯುಧದ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಗೆ ವಿರುದ್ಧ ಎಂದು ಒಂದೊಂದೇ ರಾಜ್ಯದಲ್ಲಿ ದಾವೆಗಳು ಏಳುತ್ತಿವೆ. ಇಲಿನಾಯ್‌ನಲ್ಲಿ 2023ರಿಂದ ಅಂಥದೊಂದು ನಡೆದಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಈ ದೇಶಕ್ಕೆ ಬಂದ ನಾನು ನಯಾಗರಾ ಬಿಟ್ಟು ಈ ಹೊಳೆಯ ದಡ ಹಿಡಿದದ್ದು ಆ ವ್ಯಾಜ್ಯದ ಬೆನ್ನು ಹತ್ತಿ. ಕೋರ್ಟು ಕಟ್ಟಡಗಳಲ್ಲಿ ನೋಡುವುದೇನಿದೆ ಎಂದು ಕೇಳಿದವರಿದ್ದರು. ನೋಡುವುದು ಬೇಕಾದಷ್ಟಿತ್ತು.

ಮೊದಲು ಆ ಕೊಳವೆಯನ್ನು ಕಣ್ಣಾರೆ ನೋಡಬೇಕಿತ್ತು. ಸೇಂಟ್ ಲೂಯಿಸ್‌ನಲ್ಲಿ ನೆಲೆಸಿ ಅಲ್ಲಿಯ ಪೌರನೇ ಆಗಿರುವ ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ಊರಾಚೆಯ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದ. "ನೀನು ಮುಟ್ಟುವ ಹಾಗಿಲ್ಲ ಮಾರಾಯ, ನೋಡ್ಬಹುದು ಅಷ್ಟೇ" ಅಂದ. ನಿಜ, ಪ್ರವಾಸಿ ವೀಸಾದಲ್ಲಿ ಬಂದವರು ಬಂದೂಕು ಹಿಡಿಯುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ರೇಂಜಿನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಗಿರಾಕಿಗಳಿಗೆ ತೋರಿಸಲೆಂದೇ ಉದ್ದಕ್ಕೆ ಸೀಳಿಟ್ಟ ಸಪ್ರೆಸರೊಂದಿತ್ತು. ಒಳಗೆ ಸ್ಪ್ರಿಂಗಿಲ್ಲ, ಚಲಿಸುವ ಭಾಗ ಒಂದೂ ಇಲ್ಲ. ಒಂದರೊಳಗೊಂದು ಕೂರಿಸಿದ ತಳವಿಲ್ಲದ ಲೋಟಗಳ ಹಾಗೆ ಶಂಕುವಿನಾಕಾರದ ತಗಡುಗಳ ಸಾಲು. ಅವುಗಳ ನಟ್ಟನಡುವೆ ಗುಂಡು ಹಾಯಲು ಕಂಡಿ. ಮೊದಲ ತಗಡು ಮಸಿಯಿಂದ ಕಪ್ಪಾಗಿತ್ತು, ಅಂಚು ಸವೆದಿತ್ತು. ಕೊನೆಯದು ಹೊಸದರಷ್ಟೇ ಹೊಳೆಯುತ್ತಿತ್ತು. ಇಡೀ ಯಂತ್ರದ ಕೆಲಸ ಆ ಎರಡು ತಗಡುಗಳ ಅಂತರದಲ್ಲಿದೆ. ಗುಂಡಿನ ಹಿಂದೆ ನುಗ್ಗಿ ಬರುವ ಕಾದ ಅನಿಲ ಒಂದೊಂದು ಕೋಣೆಯಲ್ಲೂ ಸುತ್ತಿ ಸುಳಿದು, ತಣಿದು, ಒತ್ತಡ ಕಳೆದುಕೊಂಡು ಹೊರಬರುತ್ತದೆ.

ಗೆಳೆಯ ಮೊದಲು ಕೊಳವೆ ಇಲ್ಲದೆ ರೈಫಲ್ ಹಾರಿಸಿದ. ಕಿವಿಗೆ ಗಾರ್ಡ್ ಹಾಕಿಕೊಂಡಿದ್ದರೂ ಏಟು ಎದೆಗೆ ಬಿತ್ತು. ಇಂಥ ರೈಫಲ್ಲಿನ ಸದ್ದು 160 ಡೆಸಿಬೆಲ್ ದಾಟುತ್ತದೆ. ಏಕಾಏಕಿ ಬಡಿಯುವ ಸದ್ದು 140 ದಾಟಿದರೆ ಕಿವಿಗೆ ಒಮ್ಮೆಗೇ ಹಾನಿಯಾಗಬಹುದು. ಆಮೇಲೆ ಕೊಳವೆಯನ್ನು ನಳಿಗೆಗೆ ತಿರುಪಿ ಹಾರಿಸಿದ. ಸಿನಿಮಾದಲ್ಲಿ ಕೇಳುವ ಪಿಸುಗುಡುವ ಸದ್ದು ಅಲ್ಲಿರಲಿಲ್ಲ. ಶಬ್ದವೇಗ ಮೀರಿದ ಗುಂಡು ಗಾಳಿ ಸೀಳುವಾಗ ತನ್ನದೇ ಒಂದು ಚಿಟಿಲನ್ನು ಹೊರಡಿಸುತ್ತದೆ, ಅದನ್ನು ಯಾವ ಕೊಳವೆಯೂ ತಡೆಯಲಾರದು. ಆದರೆ ಎದೆಗೆ ಬೀಳುವ ಏಟು ಇರಲಿಲ್ಲ. ದೂರದ ಉಕ್ಕಿನ ಹಲಗೆಗೆ ಗುಂಡು ತಾಕಿದ ಟಣ್ ಕೇಳಿಸಿತು, ಖಾಲಿ ತೋಟಾ ಸಿಮೆಂಟಿನ ಮೇಲೆ ಉರುಳಿದ್ದೂ ಕೇಳಿಸಿತು. ಇಪ್ಪತ್ತರಿಂದ ಮೂವತ್ತೈದು ಡೆಸಿಬೆಲ್ ತಗ್ಗಿಸುವುದೆಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಮೌನ ಅದಲ್ಲ, ಕಿವಿ ಉಳಿಯುವುದಕ್ಕೂ ಹೋಗುವುದಕ್ಕೂ ನಡುವೆ ಇರುವ ಅಂತರ.

ಪಕ್ಕದ ಕಟ್ಟೆಯಲ್ಲಿ ಹಿರಿಯರೊಬ್ಬರಿದ್ದರು, ಎರಡೂ ಕಿವಿಗೆ ಶ್ರವಣಯಂತ್ರ. ಮನೆ ಇಲಿನಾಯ್‌ನ ಬೆಲ್‌ವಿಲ್‌ನಲ್ಲಿ, ಹೊಳೆಯಿಂದ ಬಹಳ ದೂರವಲ್ಲ. ಹುಡುಗನಾಗಿದ್ದಾಗಿನಿಂದ ಬೇಟೆ. ಅವರ ಕಾಲದಲ್ಲಿ ಯಾರೂ ಕಿವಿಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲವಂತೆ. ಈಗ ಮೊಮ್ಮಗನಿಗೆ ಗುರಿ ಕಲಿಸಲು ಸೇತುವೆ ದಾಟಿ ಇಲ್ಲಿಗೆ ಬರುತ್ತಾರೆ, ಗೆಳೆಯನ 'ಕ್ಯಾನ್' ಎರವಲು ಪಡೆದು. ಅಲ್ಲಿಯ ಜನ ಅದಕ್ಕೆ ಹೇಳುವುದೇ ಕ್ಯಾನ್ ಎಂದು. "ನನ್ನ ಕಿವಿ ಹೋಯಿತು, ಹೋಗಲಿ. ಇವನದಾದರೂ ಉಳಿಯಬೇಕಲ್ಲ. ನನ್ನ ಮನೆ ಹಿತ್ತಲಲ್ಲಿ ಇದನ್ನು ಇಟ್ಟುಕೊಂಡರೆ ನಾನು ಅಪರಾಧಿ" ಎಂದರು. ಕೋರ್ಟಿನಲ್ಲಿರುವ ದಾವೆಯ ಪ್ರತಿಯೊಂದು ತಾರೀಖನ್ನೂ ಅವರು ಬಲ್ಲರು.

ಕಿವಿಯ ಈ ಕಥೆ ಕೊಳವೆಯ ಹುಟ್ಟಿನಲ್ಲೇ ಇದೆ. ಮೆಷಿನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ತನ್ನ ಬಂದೂಕುಗಳ ಸದ್ದಿಗೇ ಕಿವುಡನಾದ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನಲ್ಲಿದ್ದ ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಸೈಲೆನ್ಸರ್‌ಗೆ ಪೇಟೆಂಟ್ ಪಡೆದ. ಎಂಜಿನ್ನುಗಳ ಸದ್ದಡಗಿಸುವ ಮಫ್ಲರುಗಳನ್ನು ತಯಾರಿಸಿದವನೂ ಅವನೇ, 1914ರಲ್ಲಿ ಅಮೆರಿಕದ ಹವ್ಯಾಸಿ ರೇಡಿಯೊ ಸಂಘವನ್ನು ಕಟ್ಟಿದವನೂ ಅವನೇ. ಬೇಡದ ಸದ್ದನ್ನು ಅಡಗಿಸುತ್ತ, ಬೇಕಾದ ಸದ್ದನ್ನು ಸಾವಿರಾರು ಮೈಲಿ ಮುಟ್ಟಿಸುತ್ತ ಒಂದು ಆಯುಷ್ಯ ಕಳೆದ ಮನುಷ್ಯ! ಕೊಳವೆಗೆ ಕೆಲವೇ ಡಾಲರ್ ಬೆಲೆಯಿದ್ದ ದಿನಗಳಲ್ಲಿ, 1934ರಲ್ಲಿ, ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆ ಅದರ ಮೇಲೆ 200 ಡಾಲರ್ ತೆರಿಗೆ ಹೇರಿ, ನೋಂದಣಿ ಕಡ್ಡಾಯ ಮಾಡಿತು. ಮೆಷಿನ್ ಗನ್ನುಗಳ ಬಗ್ಗೆ ಆಗ ಅಷ್ಟೆಲ್ಲ ಚರ್ಚೆಯಾಯಿತು. ಸೈಲೆನ್ಸರ್ ಯಾಕೆ ಆ ಪಟ್ಟಿ ಸೇರಿತು ಎಂಬುದಕ್ಕೆ ಕಡತದಲ್ಲಿ ಹೆಚ್ಚು ಮಾತಿಲ್ಲ.

ಸೇಂಟ್ ಲೂಯಿಸ್‌ನ ಓಲ್ಡ್ ಕೋರ್ಟ್‌ಹೌಸ್ ವರ್ಷಗಟ್ಟಲೆ ದುರಸ್ತಿ ಕಂಡು 2025ರ ಮೇ ತಿಂಗಳಲ್ಲಿ ಮತ್ತೆ ತೆರೆದಿತ್ತು. ಹಸಿರು ಗುಮ್ಮಟದ ಆ ಕಟ್ಟಡದಲ್ಲಿ ಡ್ರೆಡ್ ಸ್ಕಾಟ್ ಮತ್ತು ಹ್ಯಾರಿಯೆಟ್ ಸ್ಕಾಟ್ ದಂಪತಿಯ ಬಿಡುಗಡೆಯ ದಾವೆ 1847ರಲ್ಲಿ, ಮತ್ತೆ 1850ರಲ್ಲಿ ವಿಚಾರಣೆಗೆ ಬಂದಿತ್ತು. ಅವರು ಗುಲಾಮರು, ಕೇಳಿದ್ದು ಸ್ವಾತಂತ್ರ್ಯ. 1857ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಕರಿಯರು ಪೌರರೇ ಆಗಲಾರರು ಎಂದು ತೀರ್ಪಿತ್ತರು. ಆ ತೀರ್ಪು ಎಷ್ಟು ಕ್ರೂರವೆಂದು ಗೊತ್ತಿತ್ತು. ಬಂದೂಕಿನ ಕಾನೂನಿಗೂ ಅದಕ್ಕೂ ಇರುವ ನಂಟು ಮಾತ್ರ ನನ್ನನ್ನು ಆ ದುಂಡನೆಯ ಹಜಾರದಲ್ಲಿ ಬಹಳ ಹೊತ್ತು ನಿಲ್ಲಿಸಿತು. ಕರಿಯರನ್ನು ಪೌರರೆಂದು ಒಪ್ಪಿದರೆ ಏನೇನು ಹಕ್ಕು ಕೊಡಬೇಕಾದೀತು ಎಂದು ಟೇನಿ ಹೆದರಿ ಪಟ್ಟಿ ಮಾಡುತ್ತಾರೆ. ಹೋದಲ್ಲೆಲ್ಲ ಆಯುಧ ಒಯ್ಯುವ ಹಕ್ಕು ಆ ಪಟ್ಟಿಯಲ್ಲಿದೆ. 2022ರ ಬ್ರೂಯೆನ್ ತೀರ್ಪಿನಲ್ಲಿ, ಆಯುಧ ಒಯ್ಯುವುದು ಪೌರರ ಹಕ್ಕೆಂದು ಆ ಕಾಲದಲ್ಲೇ ಎಲ್ಲರೂ ತಿಳಿದಿದ್ದರು ಎಂಬುದಕ್ಕೆ ಸುಪ್ರೀಂ ಕೋರ್ಟ್ ಅದೇ ಸಾಲುಗಳತ್ತ ಬೆರಳು ಮಾಡಿತು. ಒಬ್ಬ ಮನುಷ್ಯನಿಗೆ ಎಲ್ಲವನ್ನೂ ನಿರಾಕರಿಸಿದ ಬರಹ ನೂರೈವತ್ತು ವರ್ಷಗಳಾಚೆ ಇನ್ನೊಬ್ಬರ ಹಕ್ಕಿಗೆ ಸಾಕ್ಷಿಯಾಗಿ ಬಂದು ನಿಂತಿದೆ.

ಬ್ರೂಯೆನ್ ಇಟ್ಟ ಅಳತೆ ಇಂದು ಎಲ್ಲ ದಾವೆಗಳ ತಳಹದಿ. ಸಂವಿಧಾನದ ಪಠ್ಯದಲ್ಲಿರುವ ಆಯುಧದ ಹಕ್ಕಿನೊಳಗೆ ವಿಷಯ ಬಂದರೆ, ನಿರ್ಬಂಧ ಹೇರಿದ ಸರ್ಕಾರವೇ ತನ್ನ ಕಾನೂನಿಗೆ ದೇಶದ ಇತಿಹಾಸದಲ್ಲಿ ಸರಿಸಾಟಿ ತೋರಿಸಬೇಕು. ಹಾಗಾಗಿ ನಿಷೇಧವನ್ನು ಸಮರ್ಥಿಸುವ ರಾಜ್ಯಗಳು ಮೊದಲ ಬಾಗಿಲಲ್ಲೇ ಅಡ್ಡ ನಿಲ್ಲುತ್ತವೆ: ಸಪ್ರೆಸರ್ ಆಯುಧವೇ ಅಲ್ಲ, ಬರೀ ಜೋಡಣೆಯ ಸಾಮಾನು, ಅದೊಂದನ್ನೇ ಕೈಯಲ್ಲಿ ಹಿಡಿದು ಯಾರನ್ನೂ ಹೊಡೆದುರುಳಿಸಲಾಗದು, ಅದಿಲ್ಲದೆಯೂ ಬಂದೂಕು ಹಾರುತ್ತದೆ. ದಾವೆ ಹೂಡಿದವರ ಉತ್ತರ ನನಗೆ ಬಹಳ ಹಿಡಿಸಿತು. 1934ರಿಂದ ಫೆಡರಲ್ ಕಾಯ್ದೆಯ ವ್ಯಾಖ್ಯೆಯಲ್ಲೇ ಸೈಲೆನ್ಸರನ್ನು ಬಂದೂಕಿನ ಸಾಲಿಗೆ ಸೇರಿಸಿದ್ದೀರಿ. ತೆರಿಗೆ ವಸೂಲಿಗೆ ಅದು ಬಂದೂಕು, ಹಕ್ಕು ಕೇಳಿದಾಗ ಮಾತ್ರ ಬಂದೂಕಲ್ಲವೇ? ನಲವತ್ತು ಲಕ್ಷಕ್ಕೂ ಹೆಚ್ಚು ಸಪ್ರೆಸರ್‌ಗಳು ಈಗ ನೋಂದಣಿಯಲ್ಲಿವೆ. ಇಷ್ಟು ಜನರ ಮನೆಯಲ್ಲಿರುವುದನ್ನು ಅಪರೂಪದ, ಅಪಾಯದ ವಸ್ತು ಎನ್ನುವುದು ಹೇಗೆ?

ಈ ಜಗಳ ಓದುವಾಗೆಲ್ಲ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಕಣ್ಣಮುಂದೆ ಬರುತ್ತಿತ್ತು. ಸದ್ದು ಅಥವಾ ಬೆಂಕಿಯ ಹೊಳಪು ತಗ್ಗಿಸಲು ಮಾಡಿದ ಜೋಡಣೆಗಳೂ ಬಂದೂಕೇ ಎಂದು ಅದರ ಎರಡನೇ ಕಲಮು ಸ್ಪಷ್ಟವಾಗಿ ಹೇಳಿಬಿಡುತ್ತದೆ. ಅಮೆರಿಕದ ನ್ಯಾಯಾಧೀಶರು ಪುಟಗಟ್ಟಲೆ ತಿಣುಕುವ ಪ್ರಶ್ನೆಗೆ ನಮ್ಮಲ್ಲಿ ಒಂದು ಉಪಕಲಮಿನ ಉತ್ತರ. ಆದರೆ ನಮ್ಮಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ನುಗ್ಗುವ ಹಂದಿ, ಮಂಗಗಳಿಗೆಂದು ಕೋವಿ ಇಟ್ಟುಕೊಂಡವರು ಚುನಾವಣೆ ಬಂತೆಂದರೆ ಅದನ್ನು ಠಾಣೆಗೊಪ್ಪಿಸಿ ರಸೀದಿ ತರುತ್ತಾರೆ. ಗೆಳೆಯನ ಅಪ್ಪನೂ ತಂದವರೇ. ಹಕ್ಕಿಗೆ ಹತ್ತಿರ ಬರುವುದು ಕೋವಿಗೆ ಪರವಾನಗಿ ಬೇಡವೆನ್ನುವ ಕೊಡಗಿನ ವಿನಾಯಿತಿಯೊಂದೇ. ಬ್ರಿಟಿಷರ ಕಾಲದಿಂದ ಬಂದ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ನಮ್ಮ ಹೈಕೋರ್ಟ್ ತಳ್ಳಿಹಾಕಿತು. ಅಲ್ಲಿಯೂ ನ್ಯಾಯಾಲಯ ಇತಿಹಾಸವನ್ನೇ ನೋಡಬೇಕಾಯಿತೆಂಬುದು ಗಮನಿಸಬೇಕಾದ ಮಾತು.

ಫಿಫ್ತ್ ಅಂಡ್ ಮಿಸೌರಿ ಎಂಬ ನಿಲ್ದಾಣದಲ್ಲಿ ಇಳಿದಾಗ ನಾನು ಈಸ್ಟ್ ಸೇಂಟ್ ಲೂಯಿಸ್‌ನಲ್ಲಿದ್ದೆ. ಒಂದು ಕಾಲಕ್ಕೆ ಕಸಾಯಿಖಾನೆಗಳು, ಕಾರ್ಖಾನೆಗಳು ತುಂಬಿದ್ದ ಊರು. 1917ರ ಬೇಸಿಗೆಯಲ್ಲಿ ಇಲ್ಲಿ ಕರಿಯರ ಹತ್ಯಾಕಾಂಡ ನಡೆಯಿತು. ಈಗ ಬೀದಿಗೆ ನಾಲ್ಕು ಕಟ್ಟಡ, ನಡುವೆ ಹುಲ್ಲು ಬೆಳೆದ ಖಾಲಿ ನಿವೇಶನಗಳು. ಮೈಲ್ಸ್ ಡೇವಿಸ್ ಬೆಳೆದದ್ದು ಈ ಊರಲ್ಲಿ! ಟ್ರಂಪೆಟ್ಟಿನ ಬಾಯಿಗೆ ಲೋಹದ ಹಾರ್ಮನ್ ಮ್ಯೂಟ್ ಸಿಕ್ಕಿಸಿ, ಸದ್ದನ್ನು ತೆಳುವಾಗಿಸಿ, ಆ ತೆಳುವಿನಿಂದಲೇ ಲೋಕವನ್ನು ಹತ್ತಿರ ಕರೆದ ಕಲಾವಿದ. ಬಾಯಿಗೆ ಸಿಕ್ಕಿಸಿದ ಲೋಹದ ಮೇಲೆ ಇಷ್ಟು ದೊಡ್ಡ ಜಗಳ ಇದೇ ಊರಿನ ಫೆಡರಲ್ ನ್ಯಾಯಾಲಯವಿರುವ ಜಿಲ್ಲೆಯಲ್ಲಿ ನಡೆದಿದೆ ಎಂಬುದಕ್ಕೆ ಅರ್ಥವೇನೂ ಇರಲಿಕ್ಕಿಲ್ಲ, ಆದರೂ ನನಗೆ ರೋಮಾಂಚನವಾಯಿತು. ಆ ನ್ಯಾಯಾಲಯದ ಕಟ್ಟಡ ಮೆಲ್ವಿನ್ ಪ್ರೈಸ್ ಕೋರ್ಟ್‌ಹೌಸ್ ನಿಲ್ದಾಣಕ್ಕೆ ನಡಿಗೆಯ ದೂರ. ಹಲವು ಅರೆ ಸ್ವಯಂಚಾಲಿತ ಬಂದೂಕುಗಳ ಮೇಲಿನ ಇಲಿನಾಯ್ ನಿಷೇಧವನ್ನು 2024ರ ನವೆಂಬರಿನಲ್ಲಿ ಅಸಾಂವಿಧಾನಿಕ ಎಂದ ನ್ಯಾಯಾಧೀಶ ಸ್ಟೀಫನ್ ಮೆಗ್ಲಿನ್ ಇರುವುದು ಈ ಜಿಲ್ಲಾ ನ್ಯಾಯಾಲಯದಲ್ಲೇ. ಮೇಲಿನ ಕೋರ್ಟು ಆ ಆದೇಶವನ್ನು ತಡೆಹಿಡಿಯಿತು.

ಹೊಳೆಯಾಚೆ, ಸೇಂಟ್ ಲೂಯಿಸ್‌ನ ಗಗನಚುಂಬಿ ಈಗಲ್ಟನ್ ಕೋರ್ಟ್‌ಹೌಸಿನಲ್ಲಿ ಇನ್ನೊಂದು ದಾವೆ ಇದೆ, ಅದು 2025ರ ಆಗಸ್ಟಿನಲ್ಲಿ ಹೂಡಿದ್ದು. ಜುಲೈ 4ರಂದು ಟ್ರಂಪ್ ಸಹಿ ಮಾಡಿದ ಕಾಯ್ದೆ ಸಪ್ರೆಸರ್ ಮೇಲಿನ 200 ಡಾಲರ್ ತೆರಿಗೆಯನ್ನು 2026ರ ಜನವರಿ 1ರಿಂದ ಸೊನ್ನೆ ಮಾಡುತ್ತದೆ, ನೋಂದಣಿಯನ್ನು ಮಾತ್ರ ಉಳಿಸುತ್ತದೆ. 1937ರಲ್ಲಿ ಸುಪ್ರೀಂ ಕೋರ್ಟ್ ಆ ಹಳೆಯ ಕಾಯ್ದೆಯನ್ನು ಉಳಿಸಿದ್ದು ಅದು ತೆರಿಗೆ ಕಾಯ್ದೆ ಎಂಬ ಆಧಾರದ ಮೇಲೆ. ತೆರಿಗೆಯೇ ಹೋದಮೇಲೆ ನೋಂದಣಿಗೆ ನೆಲೆ ಯಾವುದು ಎಂಬುದು ಅಲ್ಲಿಯ ಪ್ರಶ್ನೆ. ಹೀಗೆ ಒಂದೇ ವಸ್ತುವಿಗಾಗಿ ಪಶ್ಚಿಮ ದಡದಲ್ಲಿ ಕೇಂದ್ರದ ವಿರುದ್ಧ, ಪೂರ್ವ ದಡದಲ್ಲಿ ರಾಜ್ಯದ ವಿರುದ್ಧ ವ್ಯಾಜ್ಯ.

ಬೆಲ್‌ವಿಲ್‌ನ ಹಿರಿಯರ ಮಾತು ನಿಜವೆಂದು ನಾನು ನಂಬುತ್ತೇನೆ. ಹಾಗೆಂದು ಇಲಿನಾಯ್ ಸುಮ್ಮನೆ ಹಟ ಮಾಡುತ್ತಿದೆ ಎನ್ನಲಾರೆ. 2019ರ ಮೇ 31ರಂದು ವರ್ಜೀನಿಯಾ ಬೀಚ್ ನಗರಸಭೆಯ ಕಟ್ಟಡದಲ್ಲಿ ನೌಕರನೊಬ್ಬ ಸಪ್ರೆಸರ್ ತೊಡಿಸಿದ ಪಿಸ್ತೂಲಿನಿಂದ 12 ಜನರನ್ನು ಕೊಂದ. ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿದು ಓಡುವ ಒಂದೆರಡು ಕ್ಷಣ ಸಿಕ್ಕಿದ್ದರೆ ಯಾರಾದರೂ ಬದುಕುತ್ತಿದ್ದರೇ ಎಂದು ಕೇಳುವ ಹಕ್ಕು ಆ ಮನೆಗಳವರಿಗೆ ಇದೆ. ನನ್ನನ್ನು ನೋಯಿಸಿದ್ದು ಇದು: ಈಗಿನ ಅಳತೆಗೋಲಿನಲ್ಲಿ ಮೊಮ್ಮಗನ ಕಿವಿಗೂ ಜಾಗವಿಲ್ಲ, ಸತ್ತವರ ಮನೆಯವರ ಭಯಕ್ಕೂ ಜಾಗವಿಲ್ಲ. 1909ರಲ್ಲಿ ಹುಟ್ಟಿದ ವಸ್ತುವಿಗೆ ಎರಡನೇ ತಿದ್ದುಪಡಿ ಬಂದ 1791ರ ಸುತ್ತಮುತ್ತ ಪೂರ್ವಜರನ್ನು ಹುಡುಕುವ ಕೆಲಸ ಒಂದೇ. 2024ರ ರಹೀಮಿ ತೀರ್ಪು ಹಳೆಯ ಕಾನೂನಿನ ತದ್ರೂಪ ಬೇಡ, ತತ್ತ್ವ ಹೊಂದಿದರೆ ಸಾಕು ಎಂದು ಸ್ವಲ್ಪ ಸಡಿಲಿಸಿತು. ನನ್ನ ಮಟ್ಟಿಗೆ ಅದು ಸಾಲದು. ಎಷ್ಟು ಕಿವಿ ಉಳಿಯುತ್ತದೆ, ಎಷ್ಟು ಜೀವ ಹೋಗಬಹುದು ಎಂದು ನೇರವಾಗಿ ತೂಗಬಲ್ಲ ಜಾಗ ಶಾಸನಸಭೆ. ಅಲ್ಲಿ ತೂಗಬೇಕಾದ್ದನ್ನು ಹಳೆಯ ಕಾಗದಗಳ ಮೇಲೆ ಹೊರಿಸಲಾಗಿದೆ.

ವ್ಯಾಜ್ಯದ ಇನ್ನೊಂದು ಎಳೆ ಹಿಡಿದು ದಕ್ಷಿಣಕ್ಕೆ ಹೊರಟು, ಇಲಿನಾಯ್‌ನ ಕಾರ್ಬನ್‌ಡೇಲ್‌ನಲ್ಲಿ ನಡುರಾತ್ರಿ ದಾಟಿದ ಮೇಲೆ ಬಂದ 'ಸಿಟಿ ಆಫ್ ನ್ಯೂ ಆರ್ಲಿಯನ್ಸ್' ರೈಲು ಹತ್ತಿದೆ. ಬೆಳಗಾಗುವಾಗ ಮೆಂಫಿಸ್. ಆಮೇಲೆ ಮಿಸಿಸಿಪ್ಪಿ ಡೆಲ್ಟಾದ ಚಪ್ಪಟೆ ನೆಲ, ಕಣ್ಣು ಹಾಯುವಷ್ಟು ದೂರ ಬಿರಿದ ಹತ್ತಿ. ಟೆನೆಸ್ಸೀ, ಮಿಸಿಸಿಪ್ಪಿ, ಲೂಸಿಯಾನಾ ಎಂದು ರಾಜ್ಯಗಳು ಬದಲಾದವು. ಸಪ್ರೆಸರ್ ವಿಷಯದಲ್ಲಿ ಇವೆಲ್ಲ ಪಶ್ಚಿಮ ದಡದ ಕಡೆಯವೇ. ರೈಲಿನಲ್ಲಿ ಓದಿದ್ದು ಕಾನ್ಸಸ್‌ನ ಕಥೆ. 2013ರಲ್ಲಿ ಆ ರಾಜ್ಯ, ತನ್ನ ಗಡಿಯೊಳಗೆ ತಯಾರಾಗಿ ಅಲ್ಲೇ ಉಳಿಯುವ ಬಂದೂಕು ಸಾಮಾನಿಗೆ ಫೆಡರಲ್ ಕಾನೂನು ತಾಗದು ಎಂದು ಕಾಯ್ದೆ ಮಾಡಿತು. ಚನೂಟ್ ಎಂಬ ಸಣ್ಣ ಊರಿನ ಅಂಗಡಿಯವನೊಬ್ಬ ಅದನ್ನು ನಂಬಿ ಸಪ್ರೆಸರ್ ಮಾಡಿ ಮಾರಿದ, ಮಾಜಿ ಸೈನಿಕನೊಬ್ಬ ನಂಬಿ ಕೊಂಡ. ಇಬ್ಬರೂ ಫೆಡರಲ್ ಅಪರಾಧಿಗಳಾದರು. 2018ರಲ್ಲಿ ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ರಾಜ್ಯದ ಮಾತು ನಂಬಿದ್ದು ರಕ್ಷಣೆಯಾಗದು, ಸೈಲೆನ್ಸರ್ ಆಯುಧವೂ ಅಲ್ಲ ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಪ್ರಕರಣ ಎತ್ತಿಕೊಳ್ಳಲಿಲ್ಲ. ಸ್ವಂತ ರಾಜ್ಯದ ಶಾಸನಸಭೆಯನ್ನು ನಂಬಿದವನು ಅಪರಾಧಿಯಾಗುವುದು ನ್ಯಾಯವೆಂದು ನನ್ನ ಮನಸ್ಸು ಒಪ್ಪಲಿಲ್ಲ.

ಹ್ಯಾಮಂಡ್ ದಾಟಿದ ಮೇಲೆ ರೈಲು ಜೌಗಿನ ಮೇಲೆ ಓಡುತ್ತದೆ. ನೀರಲ್ಲಿ ನಿಂತ ಸೈಪ್ರೆಸ್ ಮರಗಳು, ಆಮೇಲೆ ಸಮುದ್ರವೆನ್ನಿಸುವ ಪಾಂಚರ್‌ಟ್ರೇನ್ ಸರೋವರ. ಇಳಿಹೊತ್ತಿಗೆ ನ್ಯೂ ಆರ್ಲಿಯನ್ಸ್. ಲಫಯೆಟ್ ಚೌಕದೆದುರಿನ ಬಿಳಿಯ ಭವ್ಯ ಕಟ್ಟಡ ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ. ಮಾಡಿನ ಮೂಲೆಗಳಲ್ಲಿ ಗೋಳವನ್ನು ಸುತ್ತುವರಿದ ತಾಮ್ರದ ಹೆಂಗಸರು, ಹಸಿರುಗಟ್ಟಿದ ಮೈ. ಕಟ್ಟಡಕ್ಕೆ ಜಾನ್ ಮೈನರ್ ವಿಸ್ಡಮ್ ಹೆಸರು. ಮಿಸಿಸಿಪ್ಪಿ ವಿಶ್ವವಿದ್ಯಾಲಯ ಜೇಮ್ಸ್ ಮೆರೆಡಿತ್ ಎಂಬ ಕರಿಯ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲೇಬೇಕೆಂದು 1962ರಲ್ಲಿ ತೀರ್ಪು ಬರೆದ ನ್ಯಾಯಾಧೀಶ.

ಇದೇ ಮನೆಯಿಂದ ಒಂದೇ ವರ್ಷದಲ್ಲಿ ಒಂದೇ ಪ್ರಕರಣಕ್ಕೆ ಎರಡು ತೀರ್ಪು ಹೊರಬಿದ್ದಿದ್ದವು. ನೋಂದಣಿಯಿಲ್ಲದ ಸಪ್ರೆಸರ್ ಇಟ್ಟುಕೊಂಡು ಸಿಕ್ಕಿಬಿದ್ದ ಲೂಸಿಯಾನಾದ ಪೀಟರ್ಸನ್ ಪ್ರಕರಣದಲ್ಲಿ 2025ರ ಫೆಬ್ರುವರಿ 6ರಂದು ಮುಖ್ಯ ನ್ಯಾಯಾಧೀಶೆ ಜೆನಿಫರ್ ಎಲ್ರಾಡ್ ಅವರ ಪೀಠ, ಸಪ್ರೆಸರ್ ಆಯುಧವಲ್ಲ ಎಂದಿತು. ಮೇ ತಿಂಗಳಲ್ಲಿ, ಗೆದ್ದ ಪಕ್ಷವಾದ ಕೇಂದ್ರ ಸರ್ಕಾರವೇ ನಿಲುವು ಬದಲಿಸಿ, ಸಪ್ರೆಸರ್‌ಗೆ ಎರಡನೇ ತಿದ್ದುಪಡಿಯ ರಕ್ಷಣೆ ಇದೆ, ಆದರೂ ನೋಂದಣಿ ಸರಿ ಎಂದು ತಿಳಿಸಿತು. ಆಗಸ್ಟ್ 27ರಂದು ಪೀಠ ಹಳೆಯ ತೀರ್ಪನ್ನು ಹಿಂಪಡೆದು ಹೊಸದನ್ನು ಇಟ್ಟಿತು. ಚೌಕದ ಓಕ್ ಮರದಡಿಯ ಬೆಂಚಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಮೊದಲನೆಯದರಲ್ಲಿ ಖಡಾಖಂಡಿತವಾಗಿ 'ಅಲ್ಲ' ಎಂದಿದ್ದ ಜಾಗದಲ್ಲಿ ಎರಡನೆಯದು, ಆಯುಧವೇ ಎಂದು ಇಟ್ಟುಕೊಂಡು ನೋಡೋಣ ಎನ್ನುತ್ತದೆ. ಹಾಗಿದ್ದರೂ ಅರ್ಜಿ ಹಾಕಿದ ಅರ್ಹರಿಗೆಲ್ಲ ಸಿಗುವ ಪರವಾನಗಿಯ ಪದ್ಧತಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಮುಗಿಸುತ್ತದೆ. ಕೊಟ್ಟ ತೀರ್ಪನ್ನು ಕೋರ್ಟೇ ಕೈಗೆತ್ತಿಕೊಂಡು ತಿದ್ದಿ ಬರೆಯಬಲ್ಲದು ಎಂಬುದೇ ನನಗೆ ಈ ಪ್ರಯಾಣದ ದೊಡ್ಡ ಬೆರಗು. ಇಲಿನಾಯ್‌ನಂಥ ರಾಜ್ಯಗಳಿಗೆ ಇದು ಹಗುರ ಸಂಗತಿಯಲ್ಲ. ಅರ್ಹರಿಗೆ ಸಿಗುತ್ತದೆ ಎಂಬುದೇ ನೋಂದಣಿಯನ್ನು ಉಳಿಸಿದ ಕಾರಣವಾದರೆ, ಯಾರಿಗೂ ಸಿಗದ ಪೂರ್ತಿ ನಿಷೇಧ ಯಾವ ಆಸರೆ ಹಿಡಿಯಬೇಕು?

ಸಂಜೆ ಗೆಳೆಯನಿಗೆ ಫೋನು ಮಾಡಿದೆ. ಹೊಸದೊಂದಕ್ಕೆ ಅರ್ಜಿಯನ್ನು ಜನವರಿಯಲ್ಲೇ ಹಾಕುವುದಾಗಿ ಹೇಳಿದ, "ಇನ್ನೂರು ಡಾಲರ್ ಉಳೀತದಲ್ಲ ಮಾರಾಯ." ಬೆಲ್‌ವಿಲ್‌ನ ಹಿರಿಯರು ಕೇಳಿದ್ದರಂತೆ, ಅಲ್ಲಿಯ ಕೋರ್ಟು ಹೇಳಿದ್ದು ನಮಗೂ ಆಗುತ್ತದೆಯೇ ಎಂದು. ನೇರವಾಗಿ ಆಗುವುದಿಲ್ಲ ಎಂದೆ. ಲೂಸಿಯಾನಾದ್ದು ಐದನೇ ಸರ್ಕಿಟ್, ಇಲಿನಾಯ್ ಇರುವುದು ಏಳನೆಯದರ ಕೆಳಗೆ. ಆ ನ್ಯಾಯಾಲಯ 2023ರ ನೇಪರ್‌ವಿಲ್ ಪ್ರಕರಣದಲ್ಲಿ ಎಆರ್-15ರಂಥ ರೈಫಲುಗಳೇ ತಿದ್ದುಪಡಿಯ ಅರ್ಥದಲ್ಲಿ ಆಯುಧವಾಗುವುದು ಅನುಮಾನ ಎಂದಿದೆ. ಕೊಳವೆಗೆ ಅಲ್ಲಿ ದಾರಿ ಸುಲಭವಿರಲಾರದು. ಆ ನ್ಯಾಯಾಲಯ ಕೂರುವುದು ಷಿಕಾಗೊದಲ್ಲಿ. ನಾನು ಬಂದ ರೈಲು ವಾಪಸ್ ಹೋಗುವುದೂ ಅಲ್ಲಿಗೇ. ಕಾರ್ಬನ್‌ಡೇಲಿಗೆಂದು ಇದ್ದ ಟಿಕೆಟನ್ನು ಷಿಕಾಗೊವರೆಗೆ ಬದಲಾಯಿಸಿಕೊಂಡೆ.